ತೂಕ ಇಳಿಯದಿದ್ದರೂ ನಡಿಗೆ ಬಿಡಬೇಡಿ



ಡಾಕ್ಟರರ ಮಾತು ಕೇಳಿ ಬೆಳಗಿನ ನಡಿಗೆ ಆರಂಭಿಸಿದವರು ನಮ್ಮಲ್ಲಿ ಹಲವರಿದ್ದಾರೆ. ಮೊದಲ ವಾರ ಬಹಳ ಉತ್ಸಾಹ. ತಿಂಗಳು ಕಳೆದು ತೂಕ ನೋಡಿದರೆ ಮುಳ್ಳು ಇದ್ದಲ್ಲೇ ಇರುತ್ತದೆ. "ಇದರಿಂದ ಏನೂ ಉಪಯೋಗವಿಲ್ಲ" ಎಂದು ನಿಲ್ಲಿಸಿಬಿಡುತ್ತೇವೆ. ಹೀಗೆ ನಿಲ್ಲಿಸುವುದರಿಂದ ಆಗುವ ನಷ್ಟವನ್ನು ಈ ಸಲ ವಿಚಾರ ಮಾಡೋಣ.

ಹೊಲದ ಕೆಲಸವೇ ವ್ಯಾಯಾಮವಲ್ಲವೇ ಎಂದು ಕೆಲವರು ಕೇಳಬಹುದು. ಅಗೆಯುವ, ಹೊರುವ, ಕುರಿಗಳ ಹಿಂದೆ ತಿರುಗುವ ಕೆಲಸ ನಿಜವಾಗಿಯೂ ವ್ಯಾಯಾಮವೇ. ಆದರೆ ಇಂದು ಉಳುಮೆಗೆ ಟ್ರ್ಯಾಕ್ಟರ್, ನೀರಿಗೆ ಮೋಟಾರು, ಹೊಲಕ್ಕೆ ಹೋಗಲು ಬೈಕು. ದುಡಿಮೆ ಕಡಿಮೆಯಾಯಿತು, ಊಟ ಮಾತ್ರ ಹಾಗೆಯೇ ಉಳಿಯಿತು.

ತೂಕ ಏಕೆ ನಿಧಾನವಾಗಿ ಇಳಿಯುತ್ತದೆ? ಲೆಕ್ಕ ಸರಳವಾಗಿದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. 70 ಕಿಲೋ ತೂಕದವರು ಅರ್ಧ ತಾಸು ಬಿರುಸಾಗಿ ನಡೆದರೆ ಸುಮಾರು 130 ಕ್ಯಾಲೊರಿ ಖರ್ಚಾಗುತ್ತದೆ. ಅಂದರೆ ಒಂದು ಕಿಲೋ ಕರಗಲು ಎರಡು ತಿಂಗಳು ಬೇಕು. ನಡೆದು ಬಂದು ಸಕ್ಕರೆ ಚಹಾದೊಂದಿಗೆ ನಾಲ್ಕೈದು ಬಿಸ್ಕತ್ತು ತಿಂದರೆ ಅಂದಿನ ಗಳಿಕೆ ಅಲ್ಲಿಗೇ ಮುಗಿಯಿತು. ಇದಲ್ಲದೆ ಮೈಯಲ್ಲಿ ನಿಲ್ಲುವ ನೀರಿನಿಂದಲೇ ತೂಕವು ದಿನದಿಂದ ದಿನಕ್ಕೆ ಒಂದು ಕಿಲೋದಷ್ಟು ಹೆಚ್ಚುಕಡಿಮೆಯಾಗುವುದುಂಟು.

ತೂಕ ಇಳಿಯದಿದ್ದರೆ ನಡಿಗೆ ವ್ಯರ್ಥವೇ? ಅಲ್ಲ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಮಂದಿಯನ್ನು ಅದರಲ್ಲಿ ಗಮನಿಸಿದರು. ವಿಶೇಷ ಸಲಹೆಯಿಲ್ಲದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂದಿತು. ಊಟದಲ್ಲಿ ಹಿತಮಿತ ಮತ್ತು ದಿನಕ್ಕೆ ಅರ್ಧ ತಾಸು ನಡಿಗೆ ಎಂಬ ಸಲಹೆ ಪಡೆದವರಲ್ಲಿ ಅದು ಸುಮಾರು 39ಕ್ಕೆ ಇಳಿಯಿತು. ಮೊದಲಿನಿಂದಲೂ ಕಷ್ಟದ ಮೈಕೆಲಸ ಮಾಡುತ್ತಿದ್ದವರಿಗೆ ಅದನ್ನೇ ಮುಂದುವರಿಸಲು ಹೇಳಿದ್ದರು. ವಿಶೇಷವೆಂದರೆ, ಸಲಹೆ ಪಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಈ ಲಾಭವನ್ನು ತಕ್ಕಡಿ ತೋರಿಸುವುದಿಲ್ಲ.

ಮಾಡಗ್ಯಾಳದ ಕುರಿಗೆ ಹೆಸರಿದೆ. ಕುರಿ ಬಲ್ಲವರು ತೂಕವೊಂದನ್ನೇ ನೋಡುವುದಿಲ್ಲ. ಬೆನ್ನಿನ ಮೇಲೆ ಕೈಯಾಡಿಸುತ್ತಾರೆ, ನಡಿಗೆ ನೋಡುತ್ತಾರೆ. ನಮ್ಮ ದೇಹವನ್ನೂ ಹಾಗೆಯೇ ಪರೀಕ್ಷಿಸೋಣ:

1. ತಿಂಗಳಿಗೊಮ್ಮೆ ಟೇಪಿನಿಂದ ಸೊಂಟ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ.

2. ತೂಕವನ್ನು ವಾರಕ್ಕೊಮ್ಮೆ ಮಾತ್ರ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿರಿ.

3. ಡಾಕ್ಟರರು ಹೇಳಿದ ಸಮಯಕ್ಕೆ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸಿರಿ.

4. ದಿಬ್ಬ ಹತ್ತುವಾಗ ಏದುಸಿರು ಕಡಿಮೆಯಾಯಿತೇ, ನಿದ್ದೆ ಚೆನ್ನಾಗಿ ಬರುತ್ತಿದೆಯೇ ಎಂದು ಗಮನಿಸಿರಿ.

ಉತ್ಸಾಹ ಉಳಿಸಿಕೊಳ್ಳಲು ಕೆಲವು ಉಪಾಯಗಳಿವೆ. ನಡಿಗೆಗೆ ಒಂದೇ ಹೊತ್ತು ಗೊತ್ತುಮಾಡಿಕೊಳ್ಳಿರಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿರಿ. ನೆರೆಯವರನ್ನು ಜೊತೆಗೆ ಕರೆಯಿರಿ. ನಡೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಅರ್ಧ ತಾಸು ಒಮ್ಮೆಲೇ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಿರಿ. ಒಂದು ದಿನ ತಪ್ಪಿದರೆ ಚಿಂತೆ ಬೇಡ; ಮರುದಿನ ತಪ್ಪಿಸಬೇಡಿರಿ. ರಾತ್ರಿಯ ಅನ್ನ ಸ್ವಲ್ಪ ಕಡಿಮೆ ಮಾಡಿ ಪಲ್ಯ, ಕಾಳು ಹೆಚ್ಚಿಸಿದರೆ ತೂಕಕ್ಕೂ ಸಹಾಯ.

ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಡಾಕ್ಟರರನ್ನು ಕೇಳಬೇಕು, ಬರಿಗಾಲಲ್ಲಿ ನಡೆಯಬಾರದು. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಬಿತ್ತಿದ ಬೀಜ ಮೊಳೆಯಿತೇ ಎಂದು ನಾವು ದಿನವೂ ಮಣ್ಣು ಕೆದರಿ ನೋಡುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಚಪ್ಪಲಿ ಮೆಟ್ಟಿ ಹೊರಡೋಣ.