ಹೊಸ ಕೋಚ್ ಬಂದಾಗ ಹುಡುಗನನ್ನು ಅಳೆಯುವುದು ಹೇಗೆ?

ಜಾರೆಡ್ ಗಾಫ್ ಎಂಬ 22ರ ಹುಡುಗ 2016ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್‌ಗೆ ಬಂದು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಪರವಾಗಿ 7 ಪಂದ್ಯ ಆಡಿದ. ಏಳನ್ನೂ ಸೋತ. ಮರುವರ್ಷ ಅದೇ ಹುಡುಗ, ಅದೇ ತಂಡ, 15ರಲ್ಲಿ 11 ಗೆಲುವು. ನಡುವೆ ಕೋಚ್ ಬದಲಾಗಿದ್ದರು. ಹಾಗಾದರೆ ಹುಡುಗ ಮೊದಲಿನಿಂದಲೂ ಒಳ್ಳೆಯ ಆಟಗಾರನೇ? ಅಥವಾ ಕೋಚ್ ಜಾಣರೇ? ಈ ಆಟವನ್ನು ಹೊಸದಾಗಿ ನೋಡಲು ಕೂತವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದಕ್ಕೇ ಇವತ್ತು ಒಬ್ಬನೇ ಆಟಗಾರನನ್ನು ಇಟ್ಟುಕೊಂಡು ನಿಧಾನವಾಗಿ ನೋಡೋಣ.

ಮೊದಲು ಆಟ ಅರ್ಥವಾಗಬೇಕಲ್ಲ. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಒಂದೊಂದು ಕಡೆ 11 ಜನ. ಚೆಂಡು ಕೈಲಿರುವ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು 4 ಅವಕಾಶ. ಒಂದೊಂದು ಅವಕಾಶಕ್ಕೂ ‘ಡೌನ್’ ಎನ್ನುತ್ತಾರೆ. 10 ಯಾರ್ಡ್ ದಾಟಿದರೆ ಮತ್ತೆ 4 ಡೌನ್ ಸಿಗುತ್ತದೆ. ದಾಟದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಡೌನ್‌ನಲ್ಲೂ ಚೆಂಡು ಸಾಮಾನ್ಯವಾಗಿ ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಓಟಗಾರನ ಕೈಗಿಡಬಹುದು, ದೂರದಲ್ಲಿ ಓಡುತ್ತಿರುವ ಜೊತೆಗಾರನಿಗೆ ಎಸೆಯಬಹುದು, ತಾನೇ ಓಡಬಹುದು. ಎಸೆಯುವುದಾದರೆ ಅವನಿಗೆ ಸಿಗುವ ಕಾಲ ಎರಡೂವರೆ, ಮೂರು ಸೆಕೆಂಡು. ಅಷ್ಟರಲ್ಲಿ 130 ಕಿಲೋ ತೂಗುವ ಎದುರಾಳಿಗಳು ಅವನ ಮೇಲೆ ಬಂದು ಬೀಳುತ್ತಾರೆ. ಅವರನ್ನು ತಡೆಯಲು ಅವನ ಮುಂದೆ ಐದು ಜನ ದಡೂತಿ ಆಸಾಮಿಗಳ ಸಾಲು ಇರುತ್ತದೆ, ಅದಕ್ಕೆ ‘ಲೈನ್’ ಎಂದು ಹೆಸರು. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಅದು ‘ಸ್ಯಾಕ್’. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ‘ಇಂಟರ್‌ಸೆಪ್ಷನ್’. ಚೆಂಡು ಹಿಡಿದು ಎದುರಾಳಿಯ ಅಂಕಣದ ತುದಿ ತಲುಪಿದರೆ ‘ಟಚ್‌ಡೌನ್’. ಸದ್ಯಕ್ಕೆ ಇಷ್ಟು ಸಾಕು.

ಕಾಲೇಜು ಮುಗಿಸಿ ಬರುವ ಆಟಗಾರರನ್ನು ಪ್ರತಿ ಏಪ್ರಿಲ್‌ನಲ್ಲಿ 32 ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. 2016ರಲ್ಲಿ ಆ ಮೊದಲ ಸರದಿ ಟೆನೆಸಿ ಟೈಟನ್ಸ್ ತಂಡದ್ದು. ರ‍್ಯಾಮ್ಸ್ ತಮ್ಮ ಮುಂದಿನ ಹಲವು ಸರದಿಗಳನ್ನು ಟೈಟನ್ಸ್‌ಗೆ ಬಿಟ್ಟುಕೊಟ್ಟು ಆ ಜಾಗ ಪಡೆದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಗಾಫ್‌ನನ್ನು ತಂದರು. ಡ್ರಾಫ್ಟ್‌ಗೆ ಮೊದಲು ಹುಡುಗರ ಎತ್ತರ, ತೂಕ, ಓಟ ಎಲ್ಲವನ್ನೂ ಅಳೆಯುತ್ತಾರೆ, ಅಂಗೈಯನ್ನೂ ಬಿಡುವುದಿಲ್ಲ. ಗಾಫ್‌ನ ಕೈ 9 ಇಂಚು, ಚಿಕ್ಕದಾಯಿತು ಎಂದು ವಾರಗಟ್ಟಲೆ ಚರ್ಚೆ ನಡೆಯಿತು. ನನ್ನನ್ನು ಕೇಳಿದರೆ ಇಂಚುಪಟ್ಟಿಗಿಂತ ಹೆಚ್ಚು ಹೇಳುವುದು ಅವನ ಕಾಲೇಜಿನ ದಾಖಲೆ: ಮೊದಲ ವರ್ಷ ಅವನ ತಂಡ 12ರಲ್ಲಿ 1 ಗೆದ್ದಿತ್ತು, ಮೂರನೇ ವರ್ಷ 13ರಲ್ಲಿ 8. ಸೋಲಿನ ನಡುವೆ ನಿಂತು ಕಲಿಯುವ ಅಭ್ಯಾಸ ಈ ಹುಡುಗನಿಗೆ ಮೊದಲೇ ಆಗಿತ್ತು.

ವೃತ್ತಿಪರ ಆಟದ ಮೊದಲ ವರ್ಷ ಮಾತ್ರ ನೆನೆಯುವಂಥದ್ದಲ್ಲ. ಜೆಫ್ ಫಿಶರ್ ಕೋಚ್. ಮೊದಲ 9 ಪಂದ್ಯ ಗಾಫ್‌ನನ್ನು ಬೆಂಚಿನ ಮೇಲೆ ಕೂರಿಸಿದರು. ಅದಕ್ಕೂ ಮೊದಲೇ ತಂಡದ ತಾಲೀಮನ್ನು ಚಿತ್ರೀಕರಿಸುತ್ತಿದ್ದ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆಂದು ಅವನಿಗೆ ಗೊತ್ತಿಲ್ಲದ್ದು ಊರಿಗೆಲ್ಲ ಗೊತ್ತಾಯಿತು. ದಿಕ್ಕೇ ತಿಳಿಯದವನು ಮೈದಾನವನ್ನೇನು ಓದಿಯಾನು ಎಂದು ಜನ ನಕ್ಕರು. ನವೆಂಬರ್ 20ರಂದು ಮೊದಲ ಪಂದ್ಯ, ಮಯಾಮಿ ಡಾಲ್ಫಿನ್ಸ್ ಎದುರು 10-14ರ ಸೋಲು. ಡಿಸೆಂಬರ್‌ನಲ್ಲಿ ಫಿಶರ್ ಅವರನ್ನೇ ತೆಗೆದರು. ವರ್ಷದ ಕೊನೆಗೆ ಹುಡುಗನ ಲೆಕ್ಕ ಹೀಗಿತ್ತು: 205 ಎಸೆತ, 5 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಒಂದು ಎಸೆತಕ್ಕೆ ಸರಾಸರಿ 5.3 ಯಾರ್ಡ್. ‘ದಂಡ’ ಎಂದು ಷರಾ ಬರೆದವರೇ ಹೆಚ್ಚು.

ಈಗ ಪಾಠಕ್ಕೆ ಬರೋಣ. ಇಂಥ ಲೆಕ್ಕ ಕಣ್ಣಿಗೆ ಬಿದ್ದಾಗ ಮೊದಲು ಹುಡುಕಬೇಕಾದ ಸಂಖ್ಯೆ ಬೇರೆ ಕಡೆ ಇದೆ. 7 ಪಂದ್ಯಗಳಲ್ಲಿ ಅವನನ್ನು 26 ಸಲ ಕೆಡವಿದ್ದರು. 2017ರಲ್ಲಿ 15 ಪಂದ್ಯ ಆಡಿ ಅವನು ಬಿದ್ದದ್ದು 25 ಸಲ. ಅಂದರೆ ನೆಲಕ್ಕೆ ಬೀಳುವುದು ಅರ್ಧಕ್ಕಿಂತ ಕಡಿಮೆಯಾಯಿತು. ಇದು ತಾನಾಗಿ ಆದದ್ದಲ್ಲ. ಸಿನ್ಸಿನಾಟಿಯಿಂದ ಆಂಡ್ರೂ ವಿಟ್‌ವರ್ತ್ ಎಂಬ 35 ವರ್ಷದ ಅನುಭವಿಯನ್ನು ತಂದು ಲೈನ್‌ನ ಎಡತುದಿಗೆ ನಿಲ್ಲಿಸಿದರು. ಬಲಗೈಯಲ್ಲಿ ಎಸೆಯುವವನಿಗೆ ಎಡಗಡೆ ಬೆನ್ನ ಹಿಂದಿನ ಕಡೆ. ಅಲ್ಲಿಂದ ಬರುವವನು ಕಾಣಿಸುವುದೇ ಇಲ್ಲ. ಚೆಂಡು ಹಿಡಿಯಲು ರಾಬರ್ಟ್ ವುಡ್ಸ್, ಸ್ಯಾಮಿ ವಾಟ್ಕಿನ್ಸ್ ಬಂದರು. ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಆರಿಸಿದ ಕೂಪರ್ ಕಪ್ ಬಂದ. ಆದ್ದರಿಂದ ಹೊಸ ಕೋಚ್ ಬಂದ ತಂಡದಲ್ಲಿ ಹುಡುಗ ಚೆನ್ನಾಗಿ ಆಡತೊಡಗಿದರೆ, ಕೋಚ್ ಜೊತೆಗೆ ಇನ್ನು ಯಾರ‍್ಯಾರು ಬಂದರು ಎಂಬುದನ್ನು ಮೊದಲು ನೋಡಿ. ಜನ ಸಾಮಾನ್ಯವಾಗಿ ಇದನ್ನು ಮರೆಯುತ್ತಾರೆ.

ಇನ್ನು ಕೋಚ್. 2017ರ ಜನವರಿಯಲ್ಲಿ ನೇಮಕಗೊಂಡಾಗ ಶಾನ್ ಮಕ್ವೇಗೆ 30 ವರ್ಷ, ಈ ಲೀಗ್‌ನ ಆಧುನಿಕ ಇತಿಹಾಸದಲ್ಲೇ ಅತಿ ಕಿರಿಯ ಮುಖ್ಯ ಕೋಚ್. 2016ರಲ್ಲಿ 224 ಅಂಕ ಗಳಿಸಿ 32 ತಂಡಗಳಲ್ಲಿ ಕೊನೆಯಲ್ಲಿದ್ದ ರ‍್ಯಾಮ್ಸ್, ಅವರ ಮೊದಲ ವರ್ಷವೇ 478 ಅಂಕ ಗಳಿಸಿ ಎಲ್ಲರಿಗಿಂತ ಮೇಲೇರಿತು. ಗಾಫ್‌ನ ಸರಾಸರಿ 5.3 ಯಾರ್ಡ್‌ನಿಂದ 8ಕ್ಕೆ ಹೋಯಿತು. 28 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಮಕ್ವೇ ಮಾಡಿದ್ದೇನು?

ಒಂದು, ಪ್ಲೇ-ಆ್ಯಕ್ಷನ್. ಚೆಂಡನ್ನು ಓಟಗಾರನ ಕೈಗೆ ಕೊಟ್ಟಂತೆ ನಟಿಸಿ, ಕೊಡದೆ ಎಸೆಯುವುದು. ಟಾಡ್ ಗರ್ಲಿ ಎಂಬ ಓಟಗಾರ ಆ ವರ್ಷ ಎಷ್ಟು ಅಪಾಯಕಾರಿಯಾಗಿದ್ದನೆಂದರೆ, ಅವನತ್ತ ಕೈ ಚಾಚಿದರೆ ಸಾಕು, ಎದುರಾಳಿಗಳು ಎರಡು ಹೆಜ್ಜೆ ಮುಂದೆ ನುಗ್ಗುತ್ತಿದ್ದರು. ಅವರ ಬೆನ್ನ ಹಿಂದೆ ತೆರೆದ ಜಾಗಕ್ಕೆ ಗಾಫ್ ಎಸೆಯುತ್ತಿದ್ದ. ಇಂಥ ಎಸೆತದಲ್ಲಿ ಹುಡುಗ ಓದಬೇಕಾದದ್ದು ಅರ್ಧ ಮೈದಾನ ಮಾತ್ರ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಹಿಂಭಾಗದಲ್ಲಿ ಒಂದು ಹಸಿರು ಚುಕ್ಕೆ ಕಾಣುತ್ತದೆ, ಮುಂದಿನ ಸಲ ಗಮನಿಸಿ. ಒಳಗೆ ರೇಡಿಯೋ ಇದೆ ಎಂಬುದಕ್ಕೆ ಅದು ಗುರುತು. ಒಂದು ಡೌನ್ ಮುಗಿದ ಮೇಲೆ ಮುಂದಿನದನ್ನು ಶುರುಮಾಡಲು 40 ಸೆಕೆಂಡು ಇರುತ್ತದೆ. ಗಡಿಯಾರದಲ್ಲಿ 15 ಸೆಕೆಂಡು ಉಳಿಯುವವರೆಗೆ ಕೋಚ್ ಆ ರೇಡಿಯೋದಲ್ಲಿ ಮಾತಾಡಬಹುದು. ಆಮೇಲೆ ತಂತಿ ಕತ್ತರಿಸಿದಂತೆ ಮೌನ. ಹೆಚ್ಚಿನ ತಂಡಗಳು ಆ ಹೊತ್ತಿನಲ್ಲಿ ಗುಂಪುಗೂಡಿ ಮಾತಾಡಿಕೊಂಡು ನಿಧಾನವಾಗಿ ಬಂದು ಸಾಲು ನಿಲ್ಲುತ್ತವೆ. ಮಕ್ವೇ ತಮ್ಮವರನ್ನು ಬೇಗ ಸಾಲಿಗೆ ಅಟ್ಟಿದರು. ಎದುರಾಳಿಗಳೂ ವಿಧಿಯಿಲ್ಲದೆ ಬೇಗ ನಿಂತರು. ಅವರ ವ್ಯೂಹ ನೋಡಿ, ಮೌನವಾಗುವ ಮೊದಲೇ ಮಕ್ವೇ ಹುಡುಗನ ಕಿವಿಯಲ್ಲಿ ಏನು ಕಾಣುತ್ತಿದೆ, ಏನು ಮಾಡಬೇಕು ಎಂದು ಹೇಳಿಬಿಡುತ್ತಿದ್ದರು. ಮೋಸವೇನಿಲ್ಲ, ಎಲ್ಲ ನಿಯಮದೊಳಗೇ. ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅರ್ಥ ಹೇಳುವುದು ವೇಷಧಾರಿಯ ಪಾಲು. ಇಲ್ಲಿ ಪದ್ಯ ನಿಲ್ಲುವುದು 15 ಸೆಕೆಂಡು ಉಳಿದಾಗ. ಹುಡುಗನ ಅರ್ಥಗಾರಿಕೆ ಎಷ್ಟರಮಟ್ಟಿನದು ಎಂದು ತಿಳಿಯುವುದು ಅಲ್ಲಿಂದ ಮುಂದೆ.

ಅದು ತಿಳಿದದ್ದು 2018ರಲ್ಲಿ. ಆ ವರ್ಷ ರ‍್ಯಾಮ್ಸ್ 13 ಗೆದ್ದು 3 ಸೋತಿತು. ಗಾಫ್ 4,688 ಯಾರ್ಡ್ ಎಸೆದ. ಆದರೆ ಡಿಸೆಂಬರ್‌ನ ಒಂದು ರಾತ್ರಿ ಶಿಕಾಗೋದಲ್ಲಿ ಬೇರ್ಸ್ ತಂಡ ಅವನ 4 ಎಸೆತಗಳನ್ನು ಕಸಿದುಕೊಂಡು 15-6ರಲ್ಲಿ ಗೆದ್ದಿತು. ಅವನನ್ನು ತಡೆಯುವ ದಾರಿ ಸಿಕ್ಕಿತ್ತು. 2019ರ ಫೆಬ್ರವರಿ 3ರಂದು, ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಬಿಲ್ ಬೆಲಿಚಿಕ್ ಅವರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅದೇ ದಾರಿ ಹಿಡಿಯಿತು: ಮುಂದೆ ಆರು ಜನರನ್ನು ನಿಲ್ಲಿಸಿ ಓಟ ಕಟ್ಟಿಹಾಕು, ಹಿಂದೆ ನಾಲ್ವರು ಜಾಗ ಹಂಚಿಕೊಂಡು ಕಾಯಲಿ. ಕೈ ಚಾಚಿದ ನಟನೆಗೆ ಯಾರೂ ಮುಂದೆ ನುಗ್ಗಲಿಲ್ಲ.

ಆ ಪಂದ್ಯದ ಮೂರನೇ ಕ್ವಾರ್ಟರ್‌ನ ಒಂದು ಎಸೆತವನ್ನು ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ರ‍್ಯಾಮ್ಸ್‌ನ ಬ್ರಾಂಡಿನ್ ಕುಕ್ಸ್ ಅಂಕಣದ ತುದಿಯಲ್ಲಿ, ಟಚ್‌ಡೌನ್ ಜಾಗದಲ್ಲಿ, ಸುತ್ತ ಯಾರೂ ಇಲ್ಲದೆ ನಿಂತಿದ್ದಾನೆ. ಗಾಫ್‌ನ ಕಣ್ಣು ಇನ್ನೊಂದು ಕಡೆ ಇದೆ. ಅವನು ತಿರುಗಿ, ಕಂಡು, ಎಸೆಯುವ ಹೊತ್ತಿಗೆ ಕ್ಷಣ ಜಾರಿದೆ. ಮೈದಾನದ ಆಚೆ ಕಡೆಯಿಂದ ಪೇಟ್ರಿಯಟ್ಸ್‌ನ ಜೇಸನ್ ಮಕ್ಕರ್ಟಿ ಓಡಿಬಂದು ಚೆಂಡನ್ನು ತಟ್ಟಿಹಾಕುತ್ತಾನೆ. ಎಸೆತದಲ್ಲಿ ದೋಷವಿಲ್ಲ, ತಡವಾಯಿತು ಅಷ್ಟೇ. ರ‍್ಯಾಮ್ಸ್ 3-13ರಲ್ಲಿ ಸೋತಿತು. ಕೂಪರ್ ಕಪ್ ಮೊಣಕಾಲು ಗಾಯದಿಂದ ಆಟದಲ್ಲೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಆ ತಡ ಗಾಫ್‌ನದೇ.

ಹಾಗೆಂದು ‘ಕೋಚ್ ಇಲ್ಲದಿದ್ದರೆ ಇವನಿಲ್ಲ’ ಎಂದು ತೀರ್ಪು ಕೊಟ್ಟವರು ಮುಂದೆ ಕಕ್ಕಾಬಿಕ್ಕಿಯಾದರು. 2019ರಲ್ಲಿ 13.4 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟ ತಂಡವೇ 2021ರಲ್ಲಿ ಅವನನ್ನು ಡೆಟ್ರಾಯಿಟ್ ಲಯನ್ಸ್‌ಗೆ ಕಳಿಸಿ, ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತಂದುಕೊಂಡು, ಮುಂದಿನ ಸೂಪರ್ ಬೌಲ್ ಗೆದ್ದಿತು. ಡೆಟ್ರಾಯಿಟ್‌ನಲ್ಲಿ ಮೊದಲ ವರ್ಷ 3 ಗೆಲುವು. ಕಥೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ಆದರೆ 2022ರಲ್ಲಿ ಬೆನ್ ಜಾನ್ಸನ್ ಅಲ್ಲಿ ಆಕ್ರಮಣದ ಹೊಣೆ ಹೊತ್ತ ಮೇಲೆ ಗಾಫ್ 29 ಟಚ್‌ಡೌನ್ ಎಸೆದ, ಇಂಟರ್‌ಸೆಪ್ಷನ್ ಬರೀ 7. 2024ರ ಜನವರಿ 14ರಂದು ಡೆಟ್ರಾಯಿಟ್‌ಗೆ ಆಡಲು ಬಂದ ಮಕ್ವೇ ಅವರ ರ‍್ಯಾಮ್ಸ್ ತಂಡವನ್ನೇ ಲಯನ್ಸ್ 24-23ರಲ್ಲಿ ಸೋಲಿಸಿತು. ಆ ಊರಿಗೆ 32 ವರ್ಷಗಳಲ್ಲಿ ಸಿಕ್ಕ ಮೊದಲ ಪ್ಲೇಆಫ್ (ನಾಕೌಟ್ ಹಂತದ) ಗೆಲುವು ಅದು. ಜನ ಗಾಫ್‌ನ ಹೆಸರು ಕೂಗಿದರು.

ಹಾಗಾದರೆ ಎಳೆಯ ಕ್ವಾರ್ಟರ್‌ಬ್ಯಾಕ್‌ನಲ್ಲಿ ಏನನ್ನು ನೋಡಬೇಕು? ನನ್ನ ಪ್ರಕಾರ ಗೆಲುವು-ಸೋಲಿನ ಪಟ್ಟಿಯನ್ನು ಮೊದಲ ಎರಡು ವರ್ಷ ಪಕ್ಕಕ್ಕಿಡಬೇಕು. ನೋಡಬೇಕಾದದ್ದು ಮೂರನೇ ಡೌನ್, ಅದರಲ್ಲೂ ಇನ್ನೂ 8 ಯಾರ್ಡ್‌ಗೂ ಹೆಚ್ಚು ಉಳಿದಾಗ. ಆಗ ಎಸೆತವೇ ಬರುತ್ತದೆಂದು ಎಲ್ಲರಿಗೂ ಗೊತ್ತು. ಕೋಚ್‌ನ ಕಣ್ಕಟ್ಟು ನಡೆಯುವುದಿಲ್ಲ. ಮೊದಲು ನೋಡಿದ ಜೊತೆಗಾರನಿಗೆ ದಾರಿ ಮುಚ್ಚಿದ್ದರೆ ಹುಡುಗನ ತಲೆ ಎರಡನೆಯವನತ್ತ ತಿರುಗುತ್ತದೆಯೇ, ಅಥವಾ ಕಾಲು ಓಟ ಕೀಳುತ್ತದೆಯೇ? ಪೆಟ್ಟು ಬೀಳುವುದು ಖಚಿತವಿದ್ದಾಗಲೂ ಕಾಲೂರಿ ಎಸೆಯುತ್ತಾನೆಯೇ? ಗಾಫ್ ತನ್ನ ಅತಿ ಕೆಟ್ಟ ವರ್ಷದಲ್ಲೂ ಪೆಟ್ಟಿಗೆ ಹೆದರಿ ಓಡಿದವನಲ್ಲ. ಅವನ ಕೊರತೆ ಇದ್ದದ್ದು ತಡವಾಗಿ ಕಾಣುವುದರಲ್ಲಿ. ತಡವಾಗಿ ಕಾಣುವುದು ವರ್ಷ ಕಳೆದಂತೆ ತಿದ್ದಿಕೊಳ್ಳಬಹುದಾದದ್ದು. ಭಯ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹೊಸ ಕೋಚ್‌ನ ಮೊದಲ ವರ್ಷ ಎದುರಾಳಿಗಳಿಗೂ ಹೊಸದು. ಜಾಕ್ಸನ್‌ವಿಲ್‌ನ ಟ್ರೆವರ್ ಲಾರೆನ್ಸ್ 2021ರಲ್ಲಿ 12 ಟಚ್‌ಡೌನ್, 17 ಇಂಟರ್‌ಸೆಪ್ಷನ್ ಎಸೆದಿದ್ದ; ಮರುವರ್ಷ ಡಗ್ ಪೀಡರ್ಸನ್ ಕೋಚ್ ಆಗಿ ಬಂದಾಗ 25 ಮತ್ತು 8. ಭೇಷ್ ಎಂದರು. ಇನ್ನೆರಡು ವರ್ಷಕ್ಕೆ ತಂಡ 4 ಗೆಲುವಿಗೆ ಇಳಿದು ಪೀಡರ್ಸನ್ ಕೆಲಸ ಕಳೆದುಕೊಂಡರು.

ಈಗ ನಿಮಗೊಂದು ಅಭ್ಯಾಸ. ಅದೇ ಬೆನ್ ಜಾನ್ಸನ್ 2025ರ ಜನವರಿಯಲ್ಲಿ ಶಿಕಾಗೋ ಬೇರ್ಸ್‌ಗೆ ಮುಖ್ಯ ಕೋಚ್ ಆಗಿ ಹೋದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು 2024ರ ಡ್ರಾಫ್ಟ್‌ನ ಮೊದಲ ಆಯ್ಕೆ ಕೇಲೆಬ್ ವಿಲಿಯಮ್ಸ್. ತನ್ನ ಮೊದಲ ವರ್ಷ 68 ಸಲ ಸ್ಯಾಕ್ ಆಗಿದ್ದವನು. ಜೋ ಥೂನಿ, ಜೋನಾ ಜ್ಯಾಕ್ಸನ್, ಡ್ರೂ ಡಾಲ್ಮನ್ ಎಂಬ ಮೂವರು ಹೊಸಬರು ಲೈನ್‌ಗೆ ಬಂದರು. ಸ್ಯಾಕ್ ಅರ್ಧಕ್ಕಿಂತ ಕೆಳಗಿಳಿಯಿತು, ತಂಡ 5 ಗೆಲುವಿನಿಂದ 11ಕ್ಕೆ ಏರಿತು. ಆದರೆ ಜೊತೆಗಾರರ ಕೈ ಸೇರಿದ ಎಸೆತಗಳ ಪ್ರಮಾಣ ಏರಲಿಲ್ಲ, ಶೇ. 62ರ ಆಸುಪಾಸಿನಿಂದ 58ರ ಆಸುಪಾಸಿಗೆ ಇಳಿಯಿತು. ಇದರಲ್ಲಿ ಕೋಚ್‌ನ ಪಾಲೆಷ್ಟು, ಲೈನ್‌ನ ಪಾಲೆಷ್ಟು, ಹುಡುಗನದೆಷ್ಟು? ಉತ್ತರ ನಾನು ಹೇಳುವುದಿಲ್ಲ. ಸೆಪ್ಟೆಂಬರ್‌ನಿಂದ ನಮ್ಮ ಭಾನುವಾರ ರಾತ್ರಿ ಹತ್ತೂವರೆಗೆ ಪಂದ್ಯಗಳು ಶುರುವಾಗುತ್ತವೆ, ನವೆಂಬರ್‌ನಲ್ಲಿ ಅಮೆರಿಕದ ಗಡಿಯಾರ ಬದಲಾದ ಮೇಲೆ ಹನ್ನೊಂದೂವರೆಗೆ. ಮೂರನೇ ಡೌನ್ ಬಂದಾಗ ಚೆಂಡಿನ ಹಿಂದೆ ಹೋಗದೆ ವಿಲಿಯಮ್ಸ್‌ನ ಹೆಲ್ಮೆಟ್ ಯಾವ ಕಡೆ ತಿರುಗುತ್ತದೆ ಎಂದು ನೋಡಿ, ನಿಮ್ಮ ಅಂಕ ನೀವೇ ಹಾಕಿ.