ನೀರು ನುಗ್ಗಿದ ಮನೆಯ ಕ್ಲೇಮು: ಕಂಪನಿಗಳನ್ನು ಹೋಲಿಸುವುದು ಹೇಗೆ?

ಮನೆ ವಿಮೆಯಲ್ಲಿ ಕಂಪನಿಗಳ ನಡುವಿನ ವ್ಯತ್ಯಾಸ ಪಾಲಿಸಿಯ ಷರತ್ತುಗಳಿಗಿಂತ ಕ್ಲೇಮಿನ ಹೊತ್ತಿನಲ್ಲಿ ಹೆಚ್ಚು ಕಾಣುತ್ತದೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿದೆ. ಬಿರುಗಾಳಿ, ಪ್ರವಾಹ, ಭೂಕುಸಿತ ಎಲ್ಲವೂ ಇದರೊಳಗೆ ಬರುತ್ತವೆ. ವಿಮಾ ಮೊತ್ತದಲ್ಲಿ ಜಾಗದ ಬೆಲೆ ಸೇರುವುದಿಲ್ಲ. ಅದೇ ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚಷ್ಟೇ ಲೆಕ್ಕ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನಿಗೆ ಆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ರಕ್ಷಣೆ ತಾನಾಗಿ ಸಿಗುತ್ತದೆ.

ಒಂದು ಊರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಗುಮಟಾಪುರ ದೀಪಾವಳಿಯ ಗೊರೆಹಬ್ಬದಿಂದ ಹೆಸರಾದ ಕನ್ನಡದ ಊರು. ದೊಡ್ಡ ನದಿಯ ದಂಡೆಯ ಊರಲ್ಲ. ಇಂಥ ಸೀಮೆಯಲ್ಲಿ ಮಳೆಯ ಹಾನಿ ಎಂದರೆ ಹಳ್ಳದ ನೀರು ನುಗ್ಗುವುದು, ಇಲ್ಲವೇ ಜಡಿಮಳೆಗೆ ನೆನೆದ ಮಣ್ಣಿನ ಗೋಡೆ ಕುಸಿಯುವುದು. ಮೊದಲನೆಯದರಲ್ಲಿ ತಕರಾರು ಕಡಿಮೆ. ಎರಡನೆಯದರಲ್ಲಿ ಗೋಡೆ ಬಿದ್ದದ್ದು ನೀರಿನಿಂದಲೋ, ಹಳತಾಗಿ ಸವೆದದ್ದರಿಂದಲೋ ಎಂಬ ಪ್ರಶ್ನೆ ಏಳುತ್ತದೆ. ಸವಕಳಿ, ಮಾಮೂಲಿ ಬಿರುಕು, ಕಟ್ಟಡದ ದೋಷ ಇವಕ್ಕೆ ಪಾಲಿಸಿ ಹಣ ಕೊಡುವುದಿಲ್ಲ. ಈ ಅಂಕಣ ಬರೆಯುವವರ ಮನೆಗೂ ಒಂದು ಮಳೆಗಾಲದಲ್ಲಿ ನೀರು ನುಗ್ಗಿತ್ತು. ಹಾನಿ ಅಳೆಯಲು ಕಂಪನಿಯ ಪರವಾಗಿ ಬಂದ ಸರ್ವೇಯರ್ ಮೊದಲು ಕೇಳಿದ್ದು ನೀರು ಎಷ್ಟೆತ್ತರ ನಿಂತಿತ್ತು ಎಂದಲ್ಲ, ಗೋಡೆಯ ಬಿರುಕು ಮೊದಲೇ ಇತ್ತೇ ಎಂದು. ಮಳೆಗಾಲಕ್ಕೆ ಮುಂಚೆ ತೆಗೆದಿಟ್ಟಿದ್ದ ಫೋಟೊಗಳೇ ಆಗ ನೆರವಿಗೆ ಬಂದವು. ಸೋಗೆ, ಬಿದಿರು, ಟಾರ್ಪಾಲಿನ ಮನೆಗಳನ್ನು ಕಚ್ಚಾ ಕಟ್ಟಡವೆಂದೇ ವಿಂಗಡಿಸುತ್ತಾರೆ. ಮಣ್ಣಿನ ಗೋಡೆ, ನಾಡಹೆಂಚಿನ ಮನೆಯಾದರೆ ಅದನ್ನು ಅರ್ಜಿಯಲ್ಲೇ ಬರೆದು, ಕಂಪನಿಯ ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯುವುದು ಕ್ಷೇಮ. ದನದ ಕೊಟ್ಟಿಗೆಯನ್ನೂ ಹೆಸರಿಸಿ ಸೇರಿಸಬೇಕು. ದನಗಳಿಗೆ ಬೇರೆಯೇ ವಿಮೆ.

ಕಂಪನಿಗಳನ್ನು ತೂಗಲು ಏಜೆಂಟರು ತೋರಿಸುವ ಅಂಕಿ ಕ್ಲೇಮು ಅನುಪಾತ. ಗಳಿಸಿದ ಪ್ರೀಮಿಯಂನಲ್ಲಿ ಎಷ್ಟು ಪಾಲು ಕ್ಲೇಮಿಗೆ ಹೋಯಿತು ಎಂಬುದಷ್ಟೇ ಅದರ ಅರ್ಥ. 2015ರ ಚೆನ್ನೈ ನೆರೆ, 2018ರ ಕೊಡಗು ಮತ್ತು ಕೇರಳದ ಮಳೆಯಂಥ ವರ್ಷಗಳಲ್ಲಿ ಒಳ್ಳೆಯ ಕಂಪನಿ, ಕೆಟ್ಟ ಕಂಪನಿ ಎಂಬ ಭೇದವಿಲ್ಲದೆ ಅದು ಏರುತ್ತದೆ. ಹಣ ಎಷ್ಟು ದಿನಕ್ಕೆ ಕೈಸೇರಿತು, ಎಷ್ಟು ಕಡಿತವಾಯಿತು ಎಂಬುದು ಅದರಲ್ಲಿ ಕಾಣುವುದಿಲ್ಲ. ಇದಕ್ಕಿಂತ ಉಪಯುಕ್ತವಾದದ್ದು ಕಂಪನಿಗಳು ಮೂರು ತಿಂಗಳಿಗೊಮ್ಮೆ ಪ್ರಕಟಿಸಲೇಬೇಕಾದ ಎನ್‌ಎಲ್-39 ನಮೂನೆ. ಕ್ಲೇಮುಗಳು ಎಷ್ಟು ಕಾಲದಲ್ಲಿ ಇತ್ಯರ್ಥವಾದವು ಎಂಬ ವಿವರ ಅದರಲ್ಲಿದೆ. ಎನ್‌ಎಲ್-45ರಲ್ಲಿ ದೂರುಗಳ ಲೆಕ್ಕವಿದೆ. ಆದರೆ ಮನೆ ವಿಮೆಯನ್ನು ‘ಬೆಂಕಿ ವಿಮೆ’ಯ ತಲೆಬರಹದಡಿ ಕಾರ್ಖಾನೆ, ಗೋದಾಮುಗಳ ಜೊತೆ ಕಲೆಸಿಬಿಡುತ್ತಾರೆ. ಹಳ್ಳಿಯ ಹೆಂಚಿನ ಮನೆಯೂ ಹೊಸೂರಿನ ಕಾರ್ಖಾನೆಯೂ ಅಲ್ಲಿ ಒಂದೇ ಸಾಲು! ಪ್ರವಾಹದ ಮನೆ ಕ್ಲೇಮನ್ನು ಬೇರೆ ತೆಗೆದು ತೋರಿಸದ ತನಕ ‘ನಮ್ಮದೇ ನಂಬರ್ ಒನ್’ ಎಂಬ ಜಾಹೀರಾತನ್ನು ನಂಬಲು ಕಾರಣವಿಲ್ಲ.

ಹೀಗಾಗಿ ಕೊಳ್ಳುವ ಮೊದಲು ಕೇಳಬೇಕಾದದ್ದು ಸರ್ವೇಯರ್ ಎಲ್ಲಿಂದ ಬರುತ್ತಾರೆ ಎಂಬುದನ್ನು. 2024ರ ಜೂನ್‌ನ ವಿಮಾ ನಿಯಂತ್ರಣ ಪ್ರಾಧಿಕಾರದ ಸುತ್ತೋಲೆಯ ಪ್ರಕಾರ ಹಾನಿ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು, ವರದಿ ಕೈಸೇರಿದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಗುಮಟಾಪುರಕ್ಕೆ ಈರೋಡಿನಿಂದ ಬರುವವರು ದಿಂಬಂ ಘಾಟಿಯ 27 ತಿರುವು ಹತ್ತಬೇಕು. ರಾತ್ರಿ ಅಲ್ಲಿನ ಹುಲಿ ಅಭಯಾರಣ್ಯದ ರಸ್ತೆಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಚಾಮರಾಜನಗರ ಇದಕ್ಕಿಂತ ಬಹಳ ಹತ್ತಿರ. ಅಲ್ಲಿನ ಸರ್ವೇಯರನ್ನು ಕಳಿಸಬಲ್ಲ ಕಂಪನಿ, ಪ್ರೀಮಿಯಂ ತುಸು ಹೆಚ್ಚಾದರೂ, ಮೇಲು.

ಸರ್ಕಾರದ ಪರಿಹಾರ ವಿಮೆಗೆ ಬದಲಿಯಾಗದು. 2022-26ರ ವಿಪತ್ತು ನಿಧಿಯ ನಿಯಮದಂತೆ ಪೂರ್ತಿ ಬಿದ್ದ ಮನೆಗೆ ಬಯಲುಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ ರೂಪಾಯಿ. ಆದರೂ ಗ್ರಾಮಾಧಿಕಾರಿಯ ಹಾನಿ ವರದಿಯ ಪ್ರತಿ ಪಡೆದಿಡಬೇಕು. ಅದು ವಿಮೆಯ ಕ್ಲೇಮಿಗೂ ಸಾಕ್ಷಿ.

ಕಂಪನಿ ಕ್ಲೇಮು ತಳ್ಳಿಹಾಕಿದರೆ, ಅಥವಾ ಲಿಖಿತ ದೂರಿಗೆ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ತಮಿಳುನಾಡಿನವರಿಗೆ ಚೆನ್ನೈ ಕಚೇರಿ. ಆದರೆ ದೂರುದಾರರ ವಾಸಸ್ಥಳ ಇಲ್ಲವೇ ಕಂಪನಿಯ ಶಾಖೆ, ಇವೆರಡರಲ್ಲಿ ಯಾವುದು ವ್ಯಾಪ್ತಿಗೆ ಬಂದರೂ ಓಂಬುಡ್ಸ್‌ಮನ್ ದೂರು ಸ್ವೀಕರಿಸಬಹುದೆಂದು ನಿಯಮ ಹೇಳುತ್ತದೆ. ಆದ್ದರಿಂದ ಚಾಮರಾಜನಗರದ ಶಾಖೆಯಲ್ಲಿ ಪಾಲಿಸಿ ಮಾಡಿಸಿದ ಗುಮಟಾಪುರದವರಿಗೆ ಬೆಂಗಳೂರಿನ ಕಚೇರಿಯ ಬಾಗಿಲೂ ತೆರೆದಿರುತ್ತದೆ.