ಪಾಠ 9: ಗಂಜ್ ಎಂಬ ನೀರಿನ ಗೋಪುರ



ನಮ್ಮೂರ ನೀರಿನ ಟ್ಯಾಂಕು ನಿಮಗೆಲ್ಲ ಗೊತ್ತು. ಎತ್ತರದ ಕಂಬಗಳ ಮೇಲೆ ನಿಂತಿದೆ. ಅದರ ಹೊಟ್ಟೆಯ ಮೇಲೆ ಏನೋ ಬರೆದಿದೆ. ದಿನಾ ಅದರ ಕೆಳಗೇ ಕೊಡ ಇಡುತ್ತೇವೆ. ಆ ಬರಹ ಓದಿದವರು ಎಷ್ಟು ಜನ?

ನಮ್ಮ ಕಲಿಕಾ ಕೇಂದ್ರಕ್ಕೆ ಕಾಫಿ ತೋಟದ ಲೈನಿನಿಂದ ಒಬ್ಬ ಅಕ್ಕ ಬರುತ್ತಿದ್ದರು. ಪುಸ್ತಕದ ಹೊರಗೆ ಅವರು ಮೊದಲು ಓದಿದ್ದು ಟ್ಯಾಂಕಿನ ಮೇಲಿನ ಅಕ್ಷರ. 'ಟ್ಯಾಂಕ್ ತೊಳೆದ ದಿನಾಂಕ' ಎಂದು ಬರೆದಿತ್ತು. ಅದರ ಮುಂದೆ ಜಾಗ ಖಾಲಿ.

"ಟೀಚರೇ, ಮುಂದೆ ಏನೂ ಬರೆದಿಲ್ಲವಲ್ಲ. ಹಾಗಾದ್ರೆ ತೊಳೆದೇ ಇಲ್ವಾ?" ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಅದೇ ನೀರು ಕುಡಿಯುವವಳು. ಎಷ್ಟು ವರ್ಷದಿಂದ ಓದು ಬರುತ್ತದೆ, ಆದರೂ ತಲೆ ಎತ್ತಿ ಓದಿರಲಿಲ್ಲ. ಮರುದಿನ ಆ ಅಕ್ಕ ಇನ್ನಿಬ್ಬರನ್ನು ಕರೆದುಕೊಂಡು ನೀರುಗಂಟಿಯ ಮನೆಗೆ ಹೋದರು. ಅವನು ಗೊಣಗಿದ. ಆಮೇಲೆ ಏಣಿ ಹತ್ತಿದ. ಒಳಗಿನಿಂದ ಎರಡು ಬುಟ್ಟಿ ಕೆಸರು ಬಂತು! ಆ ಬೇಸಿಗೆಯಲ್ಲಿ ಲೈನಿನ ಮಕ್ಕಳಿಗೆ ಎರಡು ಸಲ ಭೇದಿ ಆಗಿತ್ತು. ಕೆಸರೇ ಕಾರಣ ಎಂದು ನಾನು ಹೇಳಲಾರೆ. ಆದರೆ ಮಕ್ಕಳು ಕುಡಿದದ್ದು ಅದೇ ನೀರು.

ಆ ರಾತ್ರಿ ಪಾಠ ಬಿಟ್ಟು ಒಂದು ಕತೆ ಹೇಳಿದೆ. ಕತೆ ಅಂದರೆ ಕಟ್ಟುಕತೆ ಅಲ್ಲ, ನಡೆದದ್ದು. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ವಿಜಾಪುರದಲ್ಲಿ ಬರೀ 600ರ ಆಸುಪಾಸು. ವಿಜಾಪುರ ಎಂದರೆ ಗೋಳಗುಮ್ಮಟದ ಊರು. 2014ರಿಂದ ಅದರ ಹೆಸರು ವಿಜಯಪುರ. ಹಿಂದೆ ಅಲ್ಲಿ ಆದಿಲ್ ಶಾಹಿ ಅರಸರು ಆಳುತ್ತಿದ್ದರು. ಊರು ಬೆಳೆಯಿತು. ಜನ ಹೆಚ್ಚಾದರು. ಮಳೆ ಹೆಚ್ಚಾಗಲಿಲ್ಲ! ಮೊದಲು ಪಶ್ಚಿಮದ ತೊರವಿ ಹಳ್ಳಿಯ ಕಡೆಯಿಂದ ನೆಲದ ಅಡಿಯ ಸುರಂಗದಲ್ಲಿ ನೀರು ತಂದರು. ಅದೂ ಸಾಲಲಿಲ್ಲ. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಊರಿನ ದಕ್ಷಿಣಕ್ಕೆ ಒಂದು ದೊಡ್ಡ ಕೆರೆ ಕಟ್ಟಿಸಿದ. ಅದು ಬೇಗಂ ತಾಲಾಬ್. ತಾಲಾಬ್ ಅಂದರೆ ಕೆರೆ.

ಕೆರೆ ಊರಾಚೆ ಇದೆ. ನೀರು ಊರೊಳಗೆ ಬರಬೇಕು. ಆಗ ಕರೆಂಟಿಲ್ಲ, ಪಂಪಿಲ್ಲ. ಏನು ಮಾಡಿದರು? ಮಣ್ಣಿನ ಕೊಳವೆ ಸುಟ್ಟರು. ಒಂದಕ್ಕೊಂದು ಜೋಡಿಸಿದರು. ಸುತ್ತ ಕಲ್ಲುಗಾರೆ ಕಟ್ಟಿ, 15 ಅಡಿಯಿಂದ 50 ಅಡಿ ಆಳದಲ್ಲಿ ಹೂತರು. ನೀರು ತಾನಾಗಿ ಇಳಿಜಾರಿಗೆ ಹರಿದು ಬಂತು.

ಇಲ್ಲೇ ಒಂದು ತೊಂದರೆ. ನಮ್ಮಲ್ಲಿ ಗುಡ್ಡದ ಒರತೆಯಿಂದ ಮನೆಗೆ ಕಪ್ಪು ಪೈಪು ಎಳೆದವರಿಗೆ ಇದು ಚೆನ್ನಾಗಿ ಗೊತ್ತು. ಕೆಳಗೆ ನಲ್ಲಿ ಮುಚ್ಚಿದರೆ ಒತ್ತಡಕ್ಕೆ ಪೈಪಿನ ಜಾಯಿಂಟು ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಪೈಪಿನ ಗತಿಯೇ ಹೀಗಾದರೆ ಮಣ್ಣಿನ ಕೊಳವೆ ಉಳಿದೀತೇ? ಒಡೆದರೆ 50 ಅಡಿ ಅಗೆಯಬೇಕು!

ಅದಕ್ಕೇ ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಗೋಪುರ ಕಟ್ಟಿದರು. ಅದೇ ಗಂಜ್. ನಾವು ಕುಡಿಯುವ ಗಂಜಿ ಅಲ್ಲ! 25 ಅಡಿಯಿಂದ 40 ಅಡಿ ಎತ್ತರ. ಕೊಳವೆಯ ನೀರು ಗಂಜಿನ ಒಳಗೆ ಬಂದು ಮೇಲಕ್ಕೆ ಏರುತ್ತಿತ್ತು. ಒತ್ತಡ ಅಲ್ಲೇ ಇಳಿಯುತ್ತಿತ್ತು. ಕೊಳವೆ ಒಡೆಯುತ್ತಿರಲಿಲ್ಲ.

ಪಂಪಿಲ್ಲದೆ ನೀರು ಮೇಲೆ ಏರುತ್ತದೆಯೇ? ಏರುತ್ತದೆ. ಗಾರೆ ಕೆಲಸದವರು ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿಯುತ್ತಾರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಹಾಗೆಯೇ ಕೆರೆ ಎತ್ತರದಲ್ಲಿ ಇತ್ತು, ಗಂಜಿನ ನೀರು ಆ ಮಟ್ಟದ ಕಡೆಗೆ ಏರಿತು. ಅಷ್ಟೇ.

ಗಂಜ್ ಇನ್ನೂ ಒಂದು ಕೆಲಸ ಮಾಡುತ್ತಿತ್ತು. ನೀರಿನ ಜೊತೆ ಬಂದ ಮಣ್ಣು ಅದರ ತಳದಲ್ಲಿ ಕೂರುತ್ತಿತ್ತು. ತಿಳಿನೀರು ಮುಂದೆ ಹೋಗುತ್ತಿತ್ತು. ಕತೆ ಇಲ್ಲಿಗೆ ಬಂದಾಗ ನಮ್ಮ ಅಕ್ಕ ತಟ್ಟನೆ ಕೇಳಿದರು. "ಆ ಮಣ್ಣನ್ನು ತೆಗೀತಿದ್ದವರು ಯಾರು?"

ಒಳ್ಳೆಯ ಪ್ರಶ್ನೆ. ತೆಗೆಯದೇ ಇದ್ದರೆ ಎರಡು ಬುಟ್ಟಿ ಅಲ್ಲ, ಇನ್ನೂರು ಬುಟ್ಟಿ ಆಗುತ್ತಿತ್ತು. ಕೆರೆ ಕಟ್ಟಿಸಿದ ಅರಸನ ಹೆಸರು ಎಲ್ಲರ ಬಾಯಲ್ಲಿದೆ. ಕೆಸರು ಬಳಿದವರ ಹೆಸರನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ.

1686ರಲ್ಲಿ ಔರಂಗಜೇಬನ ಸೈನ್ಯ ವಿಜಾಪುರವನ್ನು ಗೆದ್ದಿತು. ಅರಸೊತ್ತಿಗೆ ಹೋಯಿತು. ಊರು ಬಡವಾಯಿತು. ಜನ ಕಡಿಮೆಯಾದರು. ಕೊಳವೆ, ಗಂಜುಗಳೂ ಹಾಳುಬಿದ್ದವು. ಕೆಲವು ಗಂಜುಗಳು ಈಗಲೂ ನಿಂತಿವೆ. ಗೋಳಗುಮ್ಮಟ ನೋಡಲು ಹೋದವರು ಇವನ್ನೂ ಕೇಳಿಕೊಂಡು ಹೋಗಿ ನೋಡಿ.

ನೀರಿನ ಗೋಪುರಕ್ಕೆ ವೇಷ ಹಾಕಿದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಥಾರ್ಪ್‌ನೆಸ್ ಎಂಬ ಹಳ್ಳಿ ಇದೆ. ಬರೀ ಟ್ಯಾಂಕು ನೋಡಲು ಚೆಂದ ಇಲ್ಲ ಎಂದು 1923ರಲ್ಲಿ ಅದನ್ನೇ ಮನೆಯ ಹಾಗೆ ಕಟ್ಟಿದರು. ಹೆಂಚಿನ ಮಾಡು, ಸುಳ್ಳು ಕಿಟಕಿ ಎಲ್ಲ ಇಟ್ಟರು. ಒಳಗೆ 50,000 ಗ್ಯಾಲನ್, ಅಂದರೆ ಸುಮಾರು 2 ಲಕ್ಷ 27 ಸಾವಿರ ಲೀಟರ್ ನೀರು. ಟ್ಯಾಂಕಿನ ಕೆಳಗೆ ನಿಜವಾಗಿ ಜನ ವಾಸ ಮಾಡುತ್ತಿದ್ದರು! ಪಕ್ಕದ ಗಾಳಿಗಿರಣಿ ನೀರೆತ್ತುತ್ತಿತ್ತು. 1977ರಲ್ಲಿ ಬೇರೆ ಕಡೆಯಿಂದ ಪೈಪಿನಲ್ಲಿ ನೀರು ಬಂತು. ಟ್ಯಾಂಕು ಬೇಡವಾಯಿತು. 1979ರಲ್ಲಿ ಅದನ್ನು ತೆಗೆದರು. ಈಗ ಅದು ಪೂರ್ತಿ ಮನೆ.

ಓದಿದ ಮೇಲೆ ಮಾಡಿ

ಈ ಪದಗಳನ್ನು ಎರಡು ಸಲ ಬರೆಯಿರಿ: ಗೋಪುರ, ಕೊಳವೆ, ಒತ್ತಡ, ತಿಳಿನೀರು, ದಿನಾಂಕ.

ಗಂಜ್ ಮಾಡುತ್ತಿದ್ದ ಎರಡು ಕೆಲಸ ಯಾವುವು? ಪಕ್ಕದವರಿಗೆ ಹೇಳಿ.

ನಾಳೆ ನಿಮ್ಮೂರ ಟ್ಯಾಂಕಿನ ಹತ್ತಿರ ಹೋಗಿ. ಅದರ ಮೇಲೆ ಇರುವುದನ್ನು ಓದಿ, ಹಾಗೆಯೇ ಬರೆದು ತನ್ನಿ. ಎಷ್ಟು ಲೀಟರ್ ಹಿಡಿಯುತ್ತದೆ? ತೊಳೆದ ದಿನಾಂಕ ಯಾವುದು? ಆ ಜಾಗ ಖಾಲಿ ಇದ್ದರೆ ಯಾರನ್ನು ಕೇಳುತ್ತೀರಿ? ಅವರ ಹೆಸರು ಇಲ್ಲಿ ಬರೆಯಿರಿ: ....................